ಮಾಲಿ ಹಿಡಿದ ಕ್ಯಾಲೆಂಡರ್ ಹಾಳೆ

ಶಿಷ್ಯ ಕೇಳಿದ: “ಗುರುಗಳೇ, ತಪ್ಪು ತಿದ್ದುವವರು ನೀವೂ ಹೌದು, ನಾನೂ ಹೌದು. ನೀವು ಗದರಿದವರು ಮರುದಿನ ನಗುತ್ತಾ ಬರುತ್ತಾರೆ. ಹೊಸದಾಗಿ ಪಾಠಕ್ಕೆ ಸೇರಿದಾಕೆಗೆ ನಾನು ಒಂದೇ ಒಂದು ಮಾತು ಹೇಳಿದೆ. ಮೂರು ದಿನದಿಂದ ಈ ಕಡೆ ತಲೆ ಹಾಕಿಲ್ಲ. ಈಗಿನವರೇ ಇಷ್ಟು ಮೆತ್ತಗೋ?”

ಗುರುಗಳು ಹೇಳಿದರು:

ಒಂದು ಕ್ಲಬ್ಬಿನಲ್ಲಿ ಒಬ್ಬ ಮಾಲಿ ಇದ್ದ. ಹುಲ್ಲು ಕತ್ತರಿಸಲು ಅವನ ಬಳಿ ಕೈಯಿಂದ ತಳ್ಳುವ ಹಳೆಯ ಯಂತ್ರವಿತ್ತು. ಅದಕ್ಕೆಷ್ಟು ವಯಸ್ಸು ಎಂದು ಕೇಳಿದರೆ, “ನನಗಿಂತ ಹಿರಿಯದು, ಹಲ್ಲು ಮಾತ್ರ ನನಗಿಂತ ಗಟ್ಟಿ” ಎನ್ನುತ್ತಿದ್ದ. ಕೆಲಸ ಮುಗಿದ ಮೇಲೆ ಅಲಗುಗಳಿಗೆ ಅಂಟಿದ ಹಸಿ ಹುಲ್ಲನ್ನು ಒರೆಸಿ ಎಣ್ಣೆ ಹಚ್ಚುತ್ತಿದ್ದ. ಮತ್ತೆ ಹೊರತೆಗೆದಾಗ ಅಲಗು ಮಸೆದು, ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ಅಲಗುಗಳ ನಡುವೆ ಹಿಡಿದು ಚಕ್ರ ತಿರುಗಿಸುತ್ತಿದ್ದ. ಹಾಳೆ ನೀಟಾಗಿ ತುಂಡಾಗಬೇಕು. ಹರಿದರೆ ಮತ್ತೆ ಮಸೆಯುತ್ತಿದ್ದ. ಅರ್ಧ ಬೆಳಗು ಇದರಲ್ಲೇ ಹೋಗುತ್ತಿತ್ತು.

“ಇವತ್ತು ಯಾವ ತಿಂಗಳು ಕತ್ತರಿಸಿದೆ, ಮಾರಾಯ?” ಎಂದು ಟೆನಿಸ್ ಆಡಲು ಬಂದವರು ಛೇಡಿಸುತ್ತಿದ್ದರು.

ಒಮ್ಮೆ ಮಾಲಿ ಕಾಲು ಮುರಿದುಕೊಂಡು ಎರಡು ತಿಂಗಳು ಮಲಗಿದ. ಬದಲಿಗೆ ಬಂದವನು ಗಟ್ಟಿಮುಟ್ಟಾದ ಆಳು. ಮಸೆಯುವ ಗೋಜಿಗೇ ಹೋಗದೆ ತಳ್ಳಿದ. ಹುಲ್ಲೇನೋ ಗಿಡ್ಡವಾಯಿತು. ಆದರೆ ಮೂರೇ ದಿನಕ್ಕೆ ತುದಿಯೆಲ್ಲ ಹಳದಿಗಟ್ಟಿತು. ಕ್ಲಬ್ಬಿನ ಕಾರ್ಯದರ್ಶಿ ನೀರು ಹೆಚ್ಚಿಸಿದ, ಗೊಬ್ಬರ ಹಾಕಿಸಿದ, ಔಷಧಿ ಹೊಡೆಸಿದ. ಸಮಿತಿಯೂ ಸೇರಿ ಕಾಫಿ ಕುಡಿಯಿತು. ಹಳದಿ ಹೋಗಲಿಲ್ಲ. ಕೊನೆಗೆ ಕಾರ್ಯದರ್ಶಿ, “ಹುಲ್ಲಿನ ಜಾತಿಯೇ ಸರಿಯಿಲ್ಲ. ಕಿತ್ತು ಸಿಮೆಂಟ್ ಹಾಸಿಬಿಡಿ” ಎಂದ.

ಗುದ್ದಲಿ ಬಂದ ದಿನವೇ ಮಾಲಿಯೂ ಕೋಲೂರಿಕೊಂಡು ಬಂದ. ಬಗ್ಗಿ ಒಂದು ಎಳೆ ಕಿತ್ತು ತುದಿ ನೋಡಿದ. ಅದು ನಾರುನಾರಾಗಿ ಹರಿದಿತ್ತು.

“ಸ್ವಾಮಿ, ಹದಿನೈದು ದಿನ ಕೊಡಿ” ಎಂದ.

ಯಂತ್ರ ಬಿಚ್ಚಿ ತುಕ್ಕು ಉಜ್ಜಿದ. ಹಾಳೆ ಚೊಕ್ಕವಾಗಿ ತುಂಡಾಗುವವರೆಗೆ ಅಲಗು ಮಸೆದ. ಆಮೇಲೆ ಎಂದಿನಷ್ಟೇ ಕತ್ತರಿಸಿದ, ಕೊಂಚವೂ ಕಡಿಮೆ ಮಾಡಲಿಲ್ಲ. ಹದಿನೈದನೆಯ ದಿನ ಅಂಗಳವೆಲ್ಲ ಹಸಿರಾಗಿತ್ತು. ಗುದ್ದಲಿಗಳು ವಾಪಸು ಹೋದವು.

ಕಾರ್ಯದರ್ಶಿ ಬೆರಗಾದ. “ಹುಲ್ಲಿಗೆ ಅದೇನು ಔಷಧಿ ಕೊಟ್ಟೆಯಪ್ಪಾ?”

“ಹುಲ್ಲಿಗೆ ಏನಾಗಿತ್ತು ಸ್ವಾಮಿ?” ಎಂದ ಮಾಲಿ.

ಕತೆ ಕೇಳಿ ಶಿಷ್ಯ ತಲೆದೂಗಿದ. “ಆಹಾ, ಎಂಥ ಮಾಲಿ!”

ಗುರುಗಳು ಕೇಳಿದರು: “ಆಕೆಗೆ ಆ ಒಂದು ಮಾತು ಹೇಳುವ ಮುಂಚೆ ನೀನು ಹಾಳೆ ಹಿಡಿದು ನೋಡಿದ್ದೆಯಾ?”