ಕಸದ ನಡುವೆ ಕೂತ ಸಾಹೇಬರು

ನಗರದ ಪಾಲಿಕೆ ಶಾಲೆಗಳನ್ನೆಲ್ಲ ಬದಲಾಯಿಸಿಬಿಡುವ ದೊಡ್ಡ ಯೋಜನೆಯೊಂದು ಹೊರಟಿತ್ತು. ಅದರ ಸಾಹೇಬರು ಕ್ಯಾಮೆರಾದವನ ಜೊತೆ ಶಾಲೆಗೆ ಬಂದವರೇ ಬಾಗಿಲಲ್ಲಿ ಮುಖ ಸಿಂಡರಿಸಿದರು. ಕ್ಲಾಸು ಅಷ್ಟು ಚೊಕ್ಕಟವಾಗಿತ್ತು.

"ಆಯಮ್ಮ, ಇದು ಆಗಲ್ಲ. ಯೋಜನೆಗೆ ಮೊದಲು ಹೇಗಿತ್ತು, ಆಮೇಲೆ ಹೇಗಾಯ್ತು ಅಂತ ಎರಡು ಫೋಟೊ ಬೇಕು. ಕಸ ತಂದು ಸುರಿ. ಬೆಂಚು ಉರುಳಿಸು."

ಶಾಲೆಯ ಕಸ ಗುಡಿಸುವ ಆಯಮ್ಮನಿಗೆ ಅನುಮಾನ ಬಂತು. ಹಿಂದಿನ ಬೀದಿಯ ಶಾಲೆಯಲ್ಲೂ ಇಂಥದ್ದೇ ಗಲೀಜು ಫೋಟೊ ತೆಗೆದು, ಅದನ್ನೇ ತೋರಿಸಿ ಬೀಗ ಜಡಿದಿದ್ದರು. ಅಲ್ಲಿನ ಮಕ್ಕಳು ಈಗ ದೂರದ ಶಾಲೆಗೆ ಹೋಗಲು ಲಾರಿಗಳ ನಡುವೆ ರಸ್ತೆ ದಾಟುತ್ತವೆ.

ಆದರೂ ಆಕೆ ಎದುರಾಡಲಿಲ್ಲ. ಕಸ ಸುರಿದಳು, ಬೆಂಚು ಉರುಳಿಸಿದಳು. ಆಮೇಲೆ ಸೆರಗಿನಿಂದ ಕುರ್ಚಿಯೊಂದನ್ನು ಒರೆಸಿ ನಡುವೆ ಇಟ್ಟಳು.

"ತಾವಿಲ್ಲದೆ ಫೋಟೊ ಕಳೆ ಕಟ್ಟಲ್ಲ ಸಾರ್."

ಸಾಹೇಬರು ಉಬ್ಬಿಹೋದರು. ಕಸದ ನಡುವೆ ಕಾಲ ಮೇಲೆ ಕಾಲು ಹಾಕಿ ಕೂತರು. ತೆಗೆದ ಫೋಟೊವನ್ನು ಅಲ್ಲಿಂದಲೇ ಕಮಿಷನರ ವಾಟ್ಸಾಪಿಗೂ ಕಳಿಸಿದರು.

ಆಯಮ್ಮ ಪೊರಕೆ ಎತ್ತಿಕೊಂಡಳು. "ಇನ್ನೊಂದನ್ನೂ ಇವತ್ತೇ ತೆಗೆದುಬಿಡಿ ಸಾರ್. ತಾವು ಆಚೆ ಹೋದರೆ ಗುಡಿಸಿಬಿಡ್ತೀನಿ. ನೋಡಿದವರಿಗೂ ತಿಳಿಯುತ್ತೆ, ತಾವಿದ್ದಾಗ ಶಾಲೆ ಹೀಗಿತ್ತು, ತಾವು ಹೋದ ಮೇಲೆ ಹೀಗಾಯ್ತು ಅಂತ."

ಕ್ಯಾಮೆರಾದವನು ಕೆಮ್ಮುತ್ತ ಗೋಡೆ ಕಡೆ ತಿರುಗಿದ. ಸಾಹೇಬರು ಕಳಿಸಿದ್ದನ್ನು ಅಳಿಸಲು ಗಡಿಬಿಡಿಯಿಂದ ಫೋನ್ ತೆಗೆದರು. ಕಮಿಷನರು ಆಗಲೇ ನೋಡಿಯಾಗಿತ್ತು.

ಸಾಹೇಬರು ಕೋಟು ಕಳಚಿ ಕಿಟಕಿಗೆ ತಗುಲಿಹಾಕಿದರು.

"ಪೊರಕೆ ಇಲ್ಲಿ ಕೊಡಿ ಆಯಮ್ಮ. ನಾನು ಗುಡಿಸಿ ಚೊಕ್ಕಟ ಮಾಡೋದನ್ನೇ ಇವನು ಫೋಟೊ ತೆಗೀಲಿ."

ಆಯಮ್ಮ ಕೊಟ್ಟಳು. ಆದರೆ ಬಾಗಿಲು ಬಿಟ್ಟು ಕದಲಲಿಲ್ಲ. ಕಸವನ್ನು ಬೆಂಚಿನ ಕೆಳಗೆ ತಳ್ಳಿಬಿಟ್ಟಾರು ಅನ್ನೋ ಅನುಮಾನ ಆಕೆಗಿನ್ನೂ ಹೋಗಿರಲಿಲ್ಲ.