ಸುಳ್ಳಾಡಿದರೆ ಹತ್ತದ ಎಣ್ಣೆ

ಹೊಳೆ ದಂಡೆಯ ಮೇಲೆ ಅಡವಯ್ಯನವರ ಆಶ್ರಮ. ಆಶ್ರಮವೆಂದರೆ ನಾಲ್ಕು ಗುಡಿಸಲು, ಒಂದು ಬೇವಿನ ಮರ, ಔಷಧ ಅರೆಯುವ ಕಲ್ಲು. ಬೇರೆ ವೈದ್ಯರೆಲ್ಲ ಕೈಬಿಟ್ಟವರು ಕೊನೆಗೆ ಅಲ್ಲಿಗೆ ಬರುತ್ತಿದ್ದರು.

ಗುರುಗಳ ಶಿಷ್ಯ ವಿರೂಪಾಕ್ಷ ನಾಡಿ ಹಿಡಿಯುವುದರಲ್ಲಿ ಜಾಣ. ತಾನು ಸುಳ್ಳು ಹೇಳುವವನಲ್ಲ, ಕೊಟ್ಟ ಮಾತಿಗೆ ತಪ್ಪುವವನಲ್ಲ ಎಂದು ಅವನಿಗೆ ತನ್ನ ಮೇಲೆ ಬಲು ಅಭಿಮಾನ. ಒಂದು ಹಿಡಿ ಹೆಚ್ಚೇ ಇತ್ತೆನ್ನಿ.

ಆ ಬೇಸಿಗೆಯಲ್ಲಿ ಕಂಬಳಿ ನೇಯುವ ದ್ಯಾಮಣ್ಣನನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಅವನ ಹೆಂಡತಿ ನೀಲವ್ವ ಬಂದಳು. ಹೊಟ್ಟೆಯಲ್ಲಿ ಗಡ್ಡೆ. ಗುರುಗಳು ನೋಡಿದರು, ಶಿಷ್ಯನೂ ನೋಡಿದ. ನೋವು ತಗ್ಗಿಸಬಹುದಿತ್ತು, ಅಷ್ಟೆ.

ಮರುದಿನ ನೀಲವ್ವ ಬೇವಿನ ಮರದ ಕೆಳಗೆ ವಿರೂಪಾಕ್ಷನನ್ನು ತಡೆದಳು.

"ಖರೆ ಹೇಳ್ರಿ. ಅವರು ಉಳೀತಾರೇನ್ರಿ?"

ಸುಳ್ಳು ಹೇಳಲಾರದವನು ತಲೆ ತಗ್ಗಿಸಿದ. ಅವಳಿಗೆ ಅರ್ಥವಾಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅವರಿಗೆ ಮಾತ್ರ ಹೇಳಬ್ಯಾಡ್ರಿ. ಎದಿ ಒಡಕೊಂಡು ಇವತ್ತ ಹೋಗಿಬಿಡ್ತಾರ. ನನ್ನ ಮ್ಯಾಲೆ ಆಣಿ ಮಾಡ್ರಿ."

ವಿರೂಪಾಕ್ಷ ಆಣೆ ಮಾಡಿದ.

ಅವಳು ನೀರಿಗೆ ಹೋದಾಗ ದ್ಯಾಮಣ್ಣ ಅವನನ್ನು ಹತ್ತಿರ ಕರೆದ.

"ತಮ್ಮಾ, ನಾ ಕುರಿ ಕಾಯ್ದಾಂವ. ಸಾಯೋ ಜೀವ ಹೆಂಗಿರತೈತಿ ಅಂತ ಗೊತ್ತೈತಿ. ನಂದು ಮುಗೀತು, ಹೌದಿಲ್ಲೋ?"

ಹೌದೆನ್ನಲು ಆಣೆ ಅಡ್ಡ, ಅಲ್ಲವೆಂದರೆ ಸುಳ್ಳು; ವಿರೂಪಾಕ್ಷ ಮತ್ತೆ ತಲೆ ತಗ್ಗಿಸಿದ.

"ಇರಲಿ. ಆದರ ಆಕಿಗೆ ತಿಳಿಸಬ್ಯಾಡ. ಪಾಪ, ಆಸೆ ಇಟಗೊಂಡು ಬಂದಾಳ. ಮಾತು ಕೊಡು."

ವಿರೂಪಾಕ್ಷ ಮಾತು ಕೊಟ್ಟ. ಎರಡು ಮಾತನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಾದ.

ಅಂದಿನಿಂದ ಆ ಗಂಡ ಹೆಂಡತಿಯ ಗುಡಿಸಲಲ್ಲಿ ಆಟ ಶುರುವಾಯಿತು.

"ಪಂಚಮಿ ಹಬ್ಬಕ್ಕ ಊರಿಗೆ ಹೋಗೂಣ್ರಿ. ನಿಮಗ ಶೇಂಗಾದ ಉಂಡಿ ಮಾಡಿ ಕೊಡ್ತೀನಿ" ಎಂದು ನೀಲವ್ವ ನಗುತ್ತಿದ್ದಳು.

"ಹೂಂ. ಹೋದಕೂಡಲೇ ಮಗ್ಗ ಹೂಡ್ತೀನಿ" ಎಂದು ದ್ಯಾಮಣ್ಣನೂ ನಗುತ್ತಿದ್ದ.

ಆಮೇಲೆ ಅವನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಅವಳು ಪಾತ್ರೆ ತೊಳೆಯುವ ನೆಪದಲ್ಲಿ ಹೊಳೆಗೆ ಹೋಗುತ್ತಿದ್ದಳು. ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ತೊಳೆಯುವಳು. ಇಬ್ಬರೂ ದಿನದಿನಕ್ಕೆ ಮಾತು ಕಡಿಮೆ ಮಾಡಿದರು. ಅವನು ಅನ್ನ ಬಿಟ್ಟ. ಅವನು ಬಿಟ್ಟದ್ದು ನೋಡಿ ಅವಳೂ ಬಿಟ್ಟಳು.

ದ್ಯಾಮಣ್ಣನ ನಾಡಿ ಕ್ಷೀಣಿಸುತ್ತಾ ಬಂತು. ಇನ್ನು ಹೆಚ್ಚು ದಿನವಿಲ್ಲ ಎಂದು ವಿರೂಪಾಕ್ಷನಿಗೆ ಗೊತ್ತಿತ್ತು. ಅವನಿಗೂ ಊಟ ರುಚಿಸದಾಯಿತು. ಗುರುಗಳ ಬಳಿ ಹೋಗಿ ಎಲ್ಲವನ್ನೂ ಹೇಳಿದ.

"ನಾ ಒಂದು ಸುಳ್ಳೂ ಹೇಳಿಲ್ಲ ಗುರುಗಳ. ಇಬ್ಬರಿಗೂ ಕೊಟ್ಟ ಮಾತು ಮುರದಿಲ್ಲ. ಆದರೂ ಆ ಗುಡಿಸಲದಾಗ ಕಾಲಿಡಾಕ ನನಗ ಅಂಜಿಕಿ ಬರತೈತಿ."

ಅಡವಯ್ಯನವರು ಬೇರು ಅರೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಅಂವಗ ಗೊತ್ತೈತಿ?"

"ಗೊತ್ತೈತ್ರಿ."

"ಆಕಿಗೂ ಗೊತ್ತೈತಿ?"

"ಹೌದ್ರಿ."

"ಮತ್ತ ಗೊತ್ತಿಲ್ಲದಾಂವ ಯಾರೋ? ಯಾರ ಸಲುವಾಗಿ ಇಷ್ಟೆಲ್ಲ ಮುಚ್ಚಿಟ್ಟೀರಿ?"

ವಿರೂಪಾಕ್ಷ ಎದ್ದು ನಿಂತ.

"ನಾ ಹೋಗಿ ಇಬ್ಬರಿಗೂ ಹೇಳಿಬಿಡ್ಲೇನ್ರಿ?"

"ಕೊಟ್ಟ ಮಾತು?"

"ಹಂಗಾದರ ಏನು ಮಾಡ್ಲಿ?"

"ಒಂದು ಬಟ್ಟಲದಾಗ ಎಣ್ಣಿ ಬೆಚ್ಚಗ ಮಾಡ್ಕೊಂಡು ಬಾ" ಎಂದರು ಗುರುಗಳು.

ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ಗುಡಿಸಲಿಗೆ ಹೋದರು. ಗುರುಗಳು ದ್ಯಾಮಣ್ಣನ ಕಾಲ ಬಳಿ ನೆಲದ ಮೇಲೆಯೇ ಕೂತರು. ನೀಲವ್ವನನ್ನೂ ಕೂರಿಸಿದರು.

"ತಂಗಿ, ಈ ಎಣ್ಣಿ ಇವನ ಅಂಗಾಲಿಗೆ ತಿಕ್ಕಬೇಕು. ನೀನ ತಿಕ್ಕಬೇಕು. ಇದಕ್ಕೊಂದು ಪಥ್ಯ ಐತಿ."

"ಏನ್ರಿ ಅಜ್ಜಾರ?"

"ತಿಕ್ಕೂ ಮುಂದ ಇಬ್ಬರೂ ಸುಳ್ಳು ಆಡೂ ಹಂಗಿಲ್ಲ. ಆಡಿದರ ಎಣ್ಣಿ ಮೈಗೆ ಹತ್ತೂದಿಲ್ಲ. ಸುಮ್ಮಕಿದ್ದರ ನಡೀತೈತಿ."

ಶಿಷ್ಯನ ಕಡೆ ತಿರುಗಿದರು. "ನೀ ಬಟ್ಟಲ ಹಿಡಕೊಂಡು ಕೂಡು. ತುಟಿ ಬಿಚ್ಚಬ್ಯಾಡ."

ಅಷ್ಟು ಹೇಳಿ ಎದ್ದು ಹೊರಗೆ ಹೋದರು.

ನೀಲವ್ವ ಎಣ್ಣೆಯಲ್ಲಿ ಬೆರಳದ್ದಿ ತಿಕ್ಕತೊಡಗಿದಳು. ರೂಢಿಯಂತೆ "ಹಬ್ಬಕ್ಕ..." ಎಂದು ಬಾಯಿ ತೆರೆದವಳು ಹಾಗೇ ನಿಲ್ಲಿಸಿದಳು.

ದ್ಯಾಮಣ್ಣನೂ ಏನೋ ಹೇಳಹೋಗಿ ನುಂಗಿಕೊಂಡ.

ಸುಳ್ಳು ಬಿಟ್ಟರೆ ಆಡಲು ಆ ಇಬ್ಬರ ಬಳಿ ಮಾತೇ ಇರಲಿಲ್ಲ. ಅವಳು ತಿಕ್ಕಿದಳು. ಅವನು ಅವಳ ಕೈಯನ್ನೇ ನೋಡುತ್ತಿದ್ದ. ನಡುವೆ ಬಟ್ಟಲು ಹಿಡಿದ ವಿರೂಪಾಕ್ಷನಿಗೆ ಎದ್ದು ಓಡಿಹೋಗುವಷ್ಟು ಸಂಕಟ.

ಬಹಳ ಹೊತ್ತಿನ ಮೇಲೆ ದ್ಯಾಮಣ್ಣ ಹೇಳಿದ:

"ನೀಲಾ, ನಾ ಇನ್ನ ಏಳೂದಿಲ್ಲ."

ಅವಳ ಕೈ ನಿಂತಿತು. ಮತ್ತೆ ತಿಕ್ಕತೊಡಗಿತು.

"ಗೊತ್ತೈತಿ" ಎಂದಳು.

"ಯಾವಾಗಿಂದ?"

"ಬಂದ ಮರುದಿನದಿಂದ."

"ನನಗೂ ಹಂಗ" ಎಂದು ಅವನು ಕಣ್ಣು ಮುಚ್ಚಿದ. "ಎಂಥಾ ಹುಚ್ಚರು ನಾವು."

ಆಗ ಅವಳು ಅತ್ತಳು. ತಡೆದಿಟ್ಟದ್ದೆಲ್ಲ ಒಮ್ಮೆಗೇ ಬಂತು. ಅವನು ಕೈ ಚಾಚಿ ಅವಳ ತಲೆ ಮುಟ್ಟಿದ.

"ಅಳು. ಸುಳ್ಳು ಆಡಬಾರದು ಅಂದಾರ, ಅಳಬಾರದು ಅಂತ ಅಜ್ಜಾರು ಅಂದಿಲ್ಲ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಒಂದು ಮಾತು ಐತಿ" ಎಂದ ಅವನು. "ನನ್ನ ಒಯ್ದು ಹೊಲದ ಹುಣಸೀ ಗಿಡದ ಕೆಳಗ ಮಣ್ಣು ಮಾಡ್ರಿ. ನಮ್ಮ ಕೂಸಿನ ಬಾಜೂಕ."

ಆ ಕೂಸು ತೊಟ್ಟಿಲಲ್ಲೇ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅಂದಿನಿಂದ ಗಂಡ ಹೆಂಡತಿ ಒಬ್ಬರ ಮುಂದೊಬ್ಬರು ಅದರ ಸುದ್ದಿ ಎತ್ತಿರಲಿಲ್ಲ.

"ನೀವು ಮರೆತೀರಿ ಅಂದ್ಕೊಂಡಿದ್ದೆ" ಎಂದಳು ನೀಲವ್ವ.

"ದಿನಾ ಹೋಗಿ ಕೂಡ್ತಿದ್ದೆ ಅಲ್ಲೆ. ನಿನಗ ನೋವಾದೀತು ಅಂತ ಹೇಳಿಲ್ಲ."

ಅವಳು ಅವನ ಪಾದಗಳನ್ನು ಮಡಿಲಿಗೆ ಎತ್ತಿಕೊಂಡಳು. ಅಂದು ಸಂಜೆ ಇಬ್ಬರೂ ಒಂದೇ ತಟ್ಟೆಯಲ್ಲಿ ಗಂಜಿ ಕುಡಿದರು.

ಹೊರಗೆ ಬಂದ ವಿರೂಪಾಕ್ಷನ ಕಣ್ಣು ಕೆಂಪಾಗಿತ್ತು.

"ಗುರುಗಳ, ಆ ಎಣ್ಣ್ಯಾಗ ಯಾವ ಬೇರು ಬೆರಸಿದ್ರಿ?"

"ಯಾವ ಬೇರೋ? ಬರೇ ಎಳ್ಳೆಣ್ಣಿ. ನೀನ ಕಾಸಿ ತಂದಿ."

ದ್ಯಾಮಣ್ಣ ಆ ವಾರವೇ ತೀರಿಕೊಂಡ. ತಲೆ ಹೆಂಡತಿಯ ತೊಡೆಯ ಮೇಲಿತ್ತು. ಊರಿಗೆ ಒಯ್ಯಲು ಚಕ್ಕಡಿ ಬರುವವರೆಗೆ ನೀಲವ್ವ ಹೊಳೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು.

ವಿರೂಪಾಕ್ಷ ದೂರದಲ್ಲೇ ಅತ್ತಿತ್ತ ಶತಪಥ ತಿರುಗಿದ. ಆತ್ಮ, ಕರ್ಮ, ಋಣ ಎಂದು ಮನಸ್ಸಿನಲ್ಲೇ ಮಾತು ಜೋಡಿಸಿದ. ಯಾವುದೂ ಸರಿಹೋಗಲಿಲ್ಲ. ಗುರುಗಳ ಬಳಿ ಬಂದ.

"ಆಕಿಗೆ ಸಮಾಧಾನ ಆಗೂ ಹಂಗ ಏನು ಹೇಳ್ಲಿ, ನೀವ ಕಲಿಸಿ ಕೊಡ್ರಿ."

ಅಡವಯ್ಯನವರು ಮೆಟ್ಟಿಲ ಕಡೆ ನೋಡಿದರು.

"ಹೇಳೂದು ಆಕೀದು ಇನ್ನೂ ಮುಗದಿಲ್ಲೋ. ಹೋಗಿ ಆಕಿ ಬಾಜೂಕ ಕುಂದರು."