ಗಳಿಗೆಬಟ್ಟಲು ಮತ್ತು ಗುಂಡುಕಲ್ಲು

ಸರ್ಕಾರಿ ಕೆಲಸಗಳಲ್ಲಿ ಎಲ್ಲರಿಗೂ ಸಮಾನ ಅವಕಾಶ ಕೊಡಬೇಕೆಂಬ ಹೊಸ ನಿಯಮ ಬಂದು ಆಗ ಮೂರು ತಿಂಗಳಾಗಿತ್ತು. ಕಚೇರಿಯೊಂದರ ಅಧೀಕ್ಷಕ ತಿಪ್ಪೇರುದ್ರ ಸಂಜೆ ಗುರುಗಳ ಬಳಿ ಬಂದು ಕುಳಿತ.

"ಬುದ್ಧಿ, ಅಟೆಂಡರ್ ಕೆಲಸಕ್ಕೆ ಒಂದು ಕಾಲು ಊನವಾದ ಹೆಣ್ಣುಮಗಳು ಅರ್ಜಿ ಹಾಕಿದ್ದಾಳೆ. ಕಡತಗಳ ಕೆಲಸ ಚೆನ್ನಾಗಿ ಬಲ್ಲಳು. ಸೈಕಲ್ ಪರೀಕ್ಷೆಯಲ್ಲಿ ಮಾತ್ರ ಪಾಸಾಗಲಿಲ್ಲ. ಆ ಪರೀಕ್ಷೆ ಎಲ್ಲರಿಗೂ ಒಂದೇ. ನಾಳೆ ಅವಳ ಹೆಸರು ಹೊಡೆದುಹಾಕಿ ಸಹಿ ಮಾಡಬೇಕು. ಇದರಲ್ಲಿ ಅನ್ಯಾಯವೇನಿದೆ?"

ಗುರುಗಳು ಕಣ್ಣು ಮುಚ್ಚಿಕೊಂಡು ಹೇಳತೊಡಗಿದರು.

ಒಂದು ಊರಿನ ಕೋಟೆಯಲ್ಲಿ ನೀರು ತುಂಬಿದ ಕಲ್ಲುಬಾನಿ ಇತ್ತು. ತಳದಲ್ಲಿ ತೂತಿದ್ದ ತಾಮ್ರದ ಬಟ್ಟಲೊಂದು ಅದರಲ್ಲಿ ತೇಲುತ್ತಿತ್ತು. ಬಟ್ಟಲು ತುಂಬಿ ಮುಳುಗಿದರೆ ಒಂದು ಗಳಿಗೆ. ಆಗ ಕಾವಲಿನವನು ಜಾಗಟೆ ಬಾರಿಸುವನು. ಆ ಸದ್ದಿಗೇ ಊರು ಏಳುತ್ತಿತ್ತು, ಉಣ್ಣುತ್ತಿತ್ತು, ಮಲಗುತ್ತಿತ್ತು.

ಕಾವಲಿನವನು ತೀರಿಕೊಂಡ. ಗಂಡಸರಾಗಲಿ ಹೆಂಗಸರಾಗಲಿ, ಯಾರು ಬೇಕಾದರೂ ಬರಬಹುದೆಂದು ಅರಸ ಡಂಗುರ ಸಾರಿಸಿದ. ಬಂದವರು ಮೊದಲು ಒಂದು ಗುಂಡುಕಲ್ಲು ಎತ್ತಬೇಕಿತ್ತು. ಮೊಟ್ಟಮೊದಲ ಕಾವಲಿನವನು ಆ ಬಾನಿಯನ್ನು ತಾನೇ ಹೊತ್ತು ತಂದಿದ್ದನಂತೆ. ಆಮೇಲೆ ಬಾನಿ ಅಲುಗಿರಲಿಲ್ಲ. ಪದ್ಧತಿ ಮಾತ್ರ ಉಳಿದಿತ್ತು.

ಒಂದು ಕೈ ಸೊಟ್ಟಗಿದ್ದ ಹೆಂಗಸು ಬಂದಳು. ಕಲ್ಲು ಮಿಸುಕಲಿಲ್ಲ. ಸಾಲಿನಲ್ಲಿದ್ದವನೊಬ್ಬ, "ತಂಗಿ, ಅದು ಮುದ್ದೆಯಲ್ಲ, ಕಲ್ಲು" ಎಂದು ನಕ್ಕ. ಅವಳ ಕಿವಿ ಬೇರೆ ಕಡೆ ಇತ್ತು.

"ಅಯ್ಯಾ, ಬಟ್ಟಲು ಮುಳುಗಿತು" ಎಂದಳು ಪರೀಕ್ಷೆ ನಡೆಸುತ್ತಿದ್ದ ಅಧಿಕಾರಿಗೆ.

"ಮೊದಲು ಕಲ್ಲು ಎತ್ತು ತಾಯಿ. ಆಮೇಲೆ ಬಟ್ಟಲಿನ ಮಾತು."

ಅವಳು ಹೊರಟುಹೋದಳು. ಕಲ್ಲು ನೋಡುತ್ತಿದ್ದವರು ಯಾರೂ ಬಾನಿಯ ಕಡೆ ತಿರುಗಲಿಲ್ಲ. ಜಾಗಟೆ ಬಾರಿಸುವವರಿಲ್ಲದೆ ಊರಿನಲ್ಲಿ ಆ ಗಳಿಗೆ ಮುಗಿಯಲೇ ಇಲ್ಲ. ಬಿಸಿಲು ಗೋಡೆಯ ಮೇಲೆ ಇದ್ದಲ್ಲೇ ಇತ್ತು. ಹಟ್ಟಿಗೆ ಹೊರಟ ಹಸುಗಳು ಎತ್ತಿದ ಕಾಲು ಊರದೆ ನಿಂತವು. ಜೋಗುಳ ಹಾಡುತ್ತಿದ್ದವಳು ಅದೇ ಸಾಲನ್ನು ಮತ್ತೆ ಮತ್ತೆ ಹಾಡಿದಳು. ಮಗು ಮಲಗಲೂ ಇಲ್ಲ, ಅಳಲೂ ಇಲ್ಲ. ಬಾನಿಯ ತಳದಲ್ಲಿ ಬಟ್ಟಲು ಮಿನುಗುತ್ತಿತ್ತು. ಅಂಗಳದಲ್ಲಿ ಗಂಡಸರು ಕಲ್ಲು ಎತ್ತುತ್ತಲೇ ಇದ್ದರು.

ಗುರುಗಳು ಕಣ್ಣು ತೆರೆದರು. ಎಷ್ಟು ಹೊತ್ತು ಕುಳಿತಿದ್ದೆನೆಂದು ತಿಪ್ಪೇರುದ್ರನಿಗೆ ತಿಳಿಯಲಿಲ್ಲ.

"ರುದ್ರಾ, ಅಟೆಂಡರ್ ಆಗಿದ್ದ ಹತ್ತು ವರ್ಷದಲ್ಲಿ ನೀನು ಕಚೇರಿಗೋಸ್ಕರ ಎಷ್ಟು ಸಲ ಸೈಕಲ್ ತುಳಿದೆ?"

ತಿಪ್ಪೇರುದ್ರ ಮನಸ್ಸಿನಲ್ಲೇ ಎಣಿಸಿದ. ಪರೀಕ್ಷೆಯ ದಿನವನ್ನೂ ಸೇರಿಸಿದರೆ, ಒಂದು.